ದೊಡ್ಡ ಪಂಪ್ ಅಲ್ಲ ಸ್ವಾಮಿ, ಸರಿಯಾದ ಪಂಪ್

(1/8)
ಫೋಟೋದಲ್ಲಿ ಕಾಣ್ತಿರೋದು ನನ್ನ ಜಿಪ್ಸಿಯಿಂದ ಬಿಚ್ಚಿದ ಫ್ಯುಯಲ್ ಪಂಪ್. ಡಬ್ಬಿ ಮೇಲೆ "255 ಎಲ್‌ಪಿಎಚ್, ರೇಸಿಂಗ್" ಅಂತ ಬರೆದಿತ್ತು. ಏಳು ತಿಂಗಳು ಬಂತು, ಅಷ್ಟೆ. ಅದರ ಪಕ್ಕದಲ್ಲಿ ಊದಿಕೊಂಡು ಸೀಳಿರೋ ಕಪ್ಪು ಹೋಸ್ ಇದೆಯಲ್ಲ, ಅದನ್ನ ನೋಡಿದಾಗಲೆಲ್ಲ ನನಗೆ ಇವತ್ತಿಗೂ ಕೈ ತಣ್ಣಗಾಗುತ್ತೆ. ಯಾಕೆ ಅಂತ ಮೂರನೇ ಭಾಗದಲ್ಲಿ ಹೇಳ್ತೀನಿ.

ವಾರಕ್ಕೆ ಮೂರ್ನಾಲ್ಕು ಜನ ಇನ್‌ಬಾಕ್ಸಿಗೆ ಬಂದು ಒಂದೇ ಪ್ರಶ್ನೆ ಕೇಳ್ತೀರ. "ಅಣ್ಣ, ಜಿಪ್ಸಿಗೆ ಎಕ್ಸ್‌ಟರ್ನಲ್ ಪಂಪ್ ಯಾವ್ದು ಹಾಕ್ಲಿ? ಲಿಂಕ್ ಕಳ್ಸಿ." ಲಿಂಕ್ ಕಳಿಸಲ್ಲ. ಬೇಜಾರು ಮಾಡ್ಕೋಬೇಡಿ. ಲಿಂಕ್ ನೋಡಿ ಪಂಪ್ ತಗೊಂಡೇ ನಾನು ಹಾಳಾಗಿದ್ದು.

ಮೊದಲ ಪ್ರಶ್ನೆ "ಯಾವ ಪಂಪ್" ಅಲ್ಲ. "ನಿಮಗೆ ಹೊರಗಡೆ ಪಂಪ್ ಬೇಕಾ" ಅನ್ನೋದು. ಜಿಪ್ಸಿ 1985ರಲ್ಲಿ ಬಂದಾಗ ಕಾರ್ಬುರೇಟರ್ ಗಾಡಿ. 2000ದ ಹೊತ್ತಿಗೆ ಎಂಪಿಎಫ್‌ಐ ಆಯ್ತು: 1298 ಸಿಸಿ, 16 ವಾಲ್ವ್, 80 ಎಚ್‌ಪಿ. ಕಂಪನಿಯಿಂದಲೇ ಎಂಪಿಎಫ್‌ಐ ಆಗಿ ಬಂದ ಗಾಡಿಯಲ್ಲಿ ಪಂಪ್ ಟ್ಯಾಂಕ್ ಒಳಗೇ ಇರುತ್ತೆ. ಪೆಟ್ರೋಲಿನಲ್ಲೇ ಮುಳುಗಿರೋದರಿಂದ ತಣ್ಣಗಿರುತ್ತೆ, ಎಳೆದು ಕುಡಿಯೋ ಕಷ್ಟ ಇಲ್ಲ, ಸದ್ದೂ ಇಲ್ಲ. ನಿಮ್ಮದು ಅಂಥ ಗಾಡಿಯಾದರೆ, ಪಂಪ್ ಸೋತಿದ್ದರೆ, ಟ್ಯಾಂಕ್ ಇಳಿಸಿ ಅದೇ ಥರದ ಪಂಪ್ ಹಾಕಿ ಮುಗಿಸಿ. "ಟ್ಯಾಂಕ್ ಇಳಿಸೋದು ತಲೆನೋವು ಸಾರ್, ಹೊರಗಡೆ ಒಂದು ಕೊಟ್ಬಿಡ್ತೀನಿ" ಅಂತ ಯಾರಾದ್ರೂ ಹೇಳಿದರೆ, ಅವರ ಅರ್ಧ ದಿನದ ಕೆಲಸ ಉಳಿಸೋಕೆ ನೀವು ಜೀವನಪೂರ್ತಿ ತಲೆನೋವು ತಗೋತಿದ್ದೀರ ಅಂತ ತಿಳ್ಕೊಳ್ಳಿ.

ಹಾಗಾದ್ರೆ ಹೊರಗಿನ ಪಂಪ್ ಯಾರಿಗೆ ಬೇಕು? ನನ್ನಂಥವರಿಗೆ. ಹಳೇ ಕಾರ್ಬುರೇಟರ್ ಜಿಪ್ಸಿ, ಅದಕ್ಕೆ ಎಸ್ಟೀಮ್‌ನ ಎಂಪಿಎಫ್‌ಐ ಇಂಜಿನ್ ಕೂರಿಸಿ, ಆರ್‌ಸಿಯಲ್ಲೂ ಬರೆಸಿದವರಿಗೆ. ಟ್ಯಾಂಕ್ ಹಳೇದೇ, ಒಳಗೆ ಪಂಪ್ ಕೂರೋ ಜಾಗ ಇಲ್ಲ. ನಮಗೆ ಬೇರೆ ದಾರಿ ಕಮ್ಮಿ. ಇದು ನಮ್ಮಂಥವರಿಗೆ ಬರೆದದ್ದು.

(2/8)
ಈಗ ಲೆಕ್ಕ. ಹೆದರ್ಕೋಬೇಡಿ, ಹೈಸ್ಕೂಲ್ ಲೆಕ್ಕ.

80 ಎಚ್‌ಪಿ ಅಂದ್ರೆ ಸುಮಾರು 60 ಕಿಲೋವ್ಯಾಟ್. ಇಂಥ ಪೆಟ್ರೋಲ್ ಇಂಜಿನ್ ಪೂರ್ತಿ ಜೋರಿನಲ್ಲಿ ಓಡುವಾಗ ಒಂದು ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 300 ಗ್ರಾಂ ಪೆಟ್ರೋಲ್ ಕುಡಿಯುತ್ತೆ. 60 × 300 = 18 ಕೆಜಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತೆ. ಅಂದ್ರೆ ಗಂಟೆಗೆ 24 ಲೀಟರ್. ಅದೂ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಇಡೀ ಗಂಟೆ ಓಡಿಸಿದರೆ. ಕಾಡು ಮಣ್ಣಲ್ಲಿ ಲೋ ಗೇರಲ್ಲಿ ತೆವಳೋ ಗಾಡಿ ಅದರಲ್ಲಿ ಕಾಲು ಭಾಗ ಕುಡಿದರೆ ಹೆಚ್ಚು.

ಇಪ್ಪತ್ತು ಪರ್ಸೆಂಟ್ ಎಥನಾಲ್ ಇದ್ದರೆ ಏಳೆಂಟು ಪರ್ಸೆಂಟ್ ಜಾಸ್ತಿ ಬೇಕು ಅಂತ ಸೇರಿಸಿ. 26 ಆಯ್ತು. ಪಂಪ್ ಹಳೇದಾಗುತ್ತೆ, ಫಿಲ್ಟರ್ ಕಟ್ಟುತ್ತೆ ಅಂತ ಇನ್ನೂ ಮೂವತ್ತು ಪರ್ಸೆಂಟ್ ಸೇರಿಸಿ. 34. ಎಸ್ಟೀಮ್ ಇಂಜಿನ್ ಸ್ವಲ್ಪ ಜೋರು, 40 ಅಂತಲೇ ಇಟ್ಕೊಳ್ಳಿ.

ನಾನು ಹಾಕಿದ್ದು 255.

ಮಿಕ್ಕಿದ್ದೆಲ್ಲ ಏನಾಗುತ್ತೆ? ರೆಗ್ಯುಲೇಟರ್ ಮೂಲಕ ರಿಟರ್ನ್ ಪೈಪಲ್ಲಿ ವಾಪಸ್ ಟ್ಯಾಂಕಿಗೆ. ಜಿಪ್ಸಿ ಟ್ಯಾಂಕು 40 ಲೀಟರ್. ಕಾಲು ಟ್ಯಾಂಕ್ ಇದ್ದಾಗ, ಅಂದ್ರೆ ಹತ್ತು ಲೀಟರ್, ಅಷ್ಟೂ ಪೆಟ್ರೋಲ್ ಎರಡೂವರೆ ನಿಮಿಷಕ್ಕೊಂದು ಸಲ ಬಿಸಿ ಇಂಜಿನ್ ಕಡೆ ಹೋಗಿ ಬರುತ್ತೆ. ಮೇ ತಿಂಗಳ ಮಧ್ಯಾಹ್ನ, ಗಾಳಿ ಇಲ್ಲ, ಫಸ್ಟ್ ಗೇರ್. ಪೆಟ್ರೋಲ್ ಕಾಯುತ್ತೆ, ಆವಿ ಏಳುತ್ತೆ, ಪಂಪ್ ಆವಿಯನ್ನ ಒತ್ತಕ್ಕಾಗದೆ ಕಿರುಚುತ್ತೆ. ಆಮೇಲೆ ನೀವು "ಗಾಡಿ ಬಿಸಿಯಾದ್ರೆ ಸ್ಟಾರ್ಟ್ ಆಗಲ್ಲ ಅಣ್ಣ" ಅಂತ ನನಗೆ ಮೆಸೇಜ್ ಮಾಡ್ತೀರ.

ಇನ್ನೊಂದು: ರಿಟರ್ನ್ ಪೈಪ್ ಸಣ್ಣದಾಗಿದ್ದರೆ ಅಷ್ಟು ಪೆಟ್ರೋಲ್ ವಾಪಸ್ ಹರಿಯೋಕೆ ಆಗಲ್ಲ, ಪ್ರೆಶರ್ ರೆಗ್ಯುಲೇಟರ್ ಮಾತು ಕೇಳಲ್ಲ, ಇಂಜಿನ್ ರಿಚ್ ಆಗಿ ಹೊಗೆ ಹೊಡೆಯುತ್ತೆ. ದೊಡ್ಡ ಪಂಪ್ ಹಾಕಿ ಮೈಲೇಜ್ ಕಳ್ಕೊಂಡವರು ಇದನ್ನೊಮ್ಮೆ ನೋಡ್ಕೊಳ್ಳಿ.

"ಮುಂದೆ ಟರ್ಬೊ ಹಾಕ್ತೀನಿ ಅಣ್ಣ." ಹಾಕಿದಾಗ ಪಂಪೂ ಬದಲಾಯಿಸಿ. ಈಗ ನಿಮ್ಮ ಜಿಪ್ಸಿಗೆ ಬೇಕಿರೋದು 3 ಬಾರ್ ಪ್ರೆಶರ್‌ನಲ್ಲಿ ಗಂಟೆಗೆ 60ರಿಂದ 100 ಲೀಟರ್ ಕೊಡೋ ಪಂಪು. ಅಷ್ಟೇ.

(3/8)
ಹೋಸ್ ಕಥೆ.

ಆ ಜೂನ್‌ನಲ್ಲಿ ಸಕಲೇಶಪುರದಿಂದ ವಾಪಸ್ ಬರ್ತಿದ್ದೆ. ಪಕ್ಕದಲ್ಲಿ ಅಮ್ಮ. ಕಾಡು ಮೇಡು ಏನೂ ಇಲ್ಲ, ನೆಂಟರ ಮನೆ ಗೃಹಪ್ರವೇಶ ಮುಗಿಸಿ ಹೆದ್ದಾರಿಯಲ್ಲಿ ಬರ್ತಿದ್ದೆವು. ಚನ್ನರಾಯಪಟ್ಟಣ ದಾಟಿದ ಮೇಲೆ ಅಮ್ಮ ಹೇಳಿದ್ರು, "ಪೆಟ್ರೋಲ್ ವಾಸನೆ ಬರ್ತಿದೆ ಕಣೋ." ನಾನು, "ಜಿಪ್ಸಿ ಅಂದ್ರೆ ಹಂಗೇ ಅಮ್ಮ" ಅಂದೆ. ಈ ಮಾತು ನಾನೇ ಹೇಳಿದ್ದು. ಮುಚ್ಚಿಡಲ್ಲ.

ಎಡೆಯೂರು ದಾಟಿ ಕುಣಿಗಲ್ ಕಡೆ ಬರುವಾಗ ಗಾಡಿ ಎರಡು ಸಲ ಮುಗ್ಗರಿಸಿ ಆಫ್ ಆಯ್ತು. ಕತ್ತಲು, ತುಂತುರು ಮಳೆ. ಪಕ್ಕಕ್ಕೆ ನಿಲ್ಲಿಸಿ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಇಂಜಿನ್ ನಿಂತಿದೆ. ಪಂಪ್ ನಿಂತಿಲ್ಲ. ಕೀ ಆನ್‌ನಲ್ಲೇ ಇತ್ತು. ಹೋಸ್ ಸೀಳಿ, ಪೆಟ್ರೋಲ್ ಸೈಲೆನ್ಸರ್ ಪೈಪ್‌ನಿಂದ ಒಂದು ಗೇಣು ದೂರದಲ್ಲಿ ಹಿಂದಕ್ಕೆ ಚಿಮ್ಮುತ್ತಾ ಇತ್ತು. ಅಮ್ಮ ಒಳಗೆ ಶಾಲು ಹೊದ್ದು ಕೂತಿದ್ದಾರೆ.

ಕೀ ಆಫ್ ಮಾಡಿ, ಅಮ್ಮನನ್ನ ಇಳಿಸಿ, ಐವತ್ತು ಹೆಜ್ಜೆ ದೂರ ಕರ್ಕೊಂಡು ಹೋಗಿ ನಿಂತೆ. ಅಮ್ಮ ಏನೂ ಕೇಳಲಿಲ್ಲ. ಮಳೆ ಇತ್ತು, ಪೈಪ್ ತಣ್ಣಗಾಗಿತ್ತೋ ಏನೋ, ಬೆಂಕಿ ಹತ್ತಲಿಲ್ಲ. ಇಷ್ಟೇ ನಮ್ಮ ಅದೃಷ್ಟ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಮಾರನೇ ದಿನ ಗಾಡಿಯನ್ನ ನಂದಿನಿ ಲೇಔಟ್‌ಗೆ ಎಳೆಸಿ ತಂದು ಬಿಚ್ಚಿದಾಗ ಗೊತ್ತಾಯ್ತು, ತಪ್ಪು ಒಂದಲ್ಲ. ಹೋಸ್ ಕಾರ್ಬುರೇಟರ್ ಗಾಡಿದು. ಕ್ಲಾಂಪ್ ಮಾಮೂಲಿ ತಿರುಪಿನದು, ಅದರ ಹಲ್ಲು ರಬ್ಬರ್ ಕೊಯ್ದಿತ್ತು. ಪಂಪ್ ವೈರನ್ನ ಇಗ್ನಿಶನ್ ಸ್ವಿಚ್‌ಗೆ ಡೈರೆಕ್ಟ್ ಕೊಟ್ಟಿದ್ರು. "ಡೈರೆಕ್ಟ್ ಕೊಟ್ಟಿದೀನಿ ಸಾರ್, ಇನ್ ಯಾವ ತೊಂದ್ರೆನೂ ಬರಲ್ಲ" ಅಂದಿದ್ದು ನೆನಪಿತ್ತು. ಭಾನುವಾರ ಟ್ರೇಲ್ ಇದೆ, ಶನಿವಾರದೊಳಗೆ ಬೇಕು ಅಂತ ಅವಸರ ಮಾಡಿದ್ದು ನಾನೇ ಅನ್ನೋದೂ ನೆನಪಿತ್ತು.

ಇದಾದ ಮೇಲೂ ಯಾರಾದ್ರೂ "ಪಂಪ್ ಯಾವ ಬ್ರಾಂಡ್" ಅಂತ ಮಾತ್ರ ಕೇಳಿದರೆ ನನಗೆ ಸಿಟ್ಟು ಬರುತ್ತೆ.

(4/8)
ಡೈರೆಕ್ಟ್ ಅನ್ನೋ ಪದವನ್ನ ಗ್ಯಾರೇಜಿನಿಂದ ಓಡಿಸಬೇಕು.

ಎಂಪಿಎಫ್‌ಐ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತೆ. ಗಮನಿಸಿ ಕೇಳಿದ್ದೀರಾ? ಆಮೇಲೆ ಇಂಜಿನ್ ತಿರುಗ್ತಿದೆ ಅಂತ ಸೆನ್ಸರ್ ಹೇಳಿದರೆ ಮಾತ್ರ ಇಸಿಯು ರಿಲೇ ಮೂಲಕ ಪಂಪ್ ಓಡಿಸುತ್ತೆ. ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಗಾಡಿ ಮಗುಚಿದಾಗ, ಗುದ್ದಿದಾಗ, ಪೈಪ್ ಹರಿದಾಗ ಬೆಂಕಿಗೆ ಪೆಟ್ರೋಲ್ ಸುರಿಯದಿರಲಿ ಅಂತ ಇಂಜಿನಿಯರುಗಳು ಹೀಗೆ ಮಾಡಿದ್ದಾರೆ. ಆಫ್‌ರೋಡ್‌ಗೆ ಹೋಗೋರಿಗೆ ಗಾಡಿ ಮಗುಚೋದು ಕಥೆಯಲ್ಲ, ಯಾವತ್ತಾದ್ರೂ ಒಂದು ದಿನ ಆಗೋ ವಿಷಯ. ಡೈರೆಕ್ಟ್ ಕೊಟ್ಟರೆ ನೀವು ತಲೆಕೆಳಗಾಗಿ ಬೆಲ್ಟಲ್ಲಿ ನೇತಾಡ್ತಿರುವಾಗಲೂ ಪಂಪ್ ತನ್ನ ಕೆಲಸ ಮಾಡ್ತಾನೇ ಇರುತ್ತೆ.

ಹೀಗೆ ಮಾಡಿಸಿ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸ್‌ನಿಂದ ರಿಲೇ, ರಿಲೇಯಿಂದ ಪಂಪ್. ರಿಲೇಗೆ ಆರ್ಡರ್ ಕೊಡೋದು ಇಸಿಯು. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಗುದ್ದಿದಾಗ ಕರೆಂಟ್ ಕಡಿಯೋ ಇನರ್ಷಿಯಾ ಸ್ವಿಚ್ ಒಂದು ಹಾಕಿಸಿದರೆ ಇನ್ನೂ ಒಳ್ಳೇದು. ಅರ್ತ್ ವೈರ್ ಪ್ಲಸ್ ವೈರ್‌ನಷ್ಟೇ ದಪ್ಪ ಇರಬೇಕು. ತುಕ್ಕು ಹಿಡಿದ ಚಾಸಿಸ್ ಬೋಲ್ಟ್‌ಗೆ ಸುತ್ತಿ ಬಿಡೋದಲ್ಲ.

ಪರೀಕ್ಷೆ ಸುಲಭ. ಪಂಪ್ ಓಡ್ತಿರುವಾಗ ಮಲ್ಟಿಮೀಟರ್‌ನ ಒಂದು ಮುಳ್ಳು ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪಂಪ್ ಪ್ಲಸ್‌ಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ವೈರಿಂಗ್ ಸರಿಯಿಲ್ಲ. ಮೈನಸ್ ಕಡೆಯೂ ಹಾಗೇ ನೋಡಿ. ವೋಲ್ಟೇಜ್ ಕಮ್ಮಿಯಾದರೆ ಪಂಪ್ ಒತ್ತೋದೂ ಕಮ್ಮಿ. "ಪಂಪ್ ವೀಕ್ ಆಗಿದೆ" ಅಂತ ಬಿಸಾಡೋದ್ರಲ್ಲಿ ಎಷ್ಟೋ ಪಂಪ್‌ಗಳಿಗೆ ಕಾಯಿಲೆಯೇ ಇರಲ್ಲ, ಹೊಟ್ಟೆಗೆ ಸಿಕ್ಕಿರಲ್ಲ ಅಷ್ಟೆ. ದೊಡ್ಡ ಪಂಪ್ ಜಾಸ್ತಿ ಕರೆಂಟ್ ಎಳೆಯುತ್ತೆ, ಹಳೇ ವೈರ್‌ನಲ್ಲಿ ವೋಲ್ಟೇಜ್ ಇನ್ನೂ ಬೀಳುತ್ತೆ. ಎರಡನೇ ಭಾಗದ ಲೆಕ್ಕ ಇಲ್ಲಿಗೂ ಬಂತು ನೋಡಿ.

(5/8)
ಎಲ್ಲಿ ಕೂರಿಸೋದು? ಇದು ಆಫ್‌ರೋಡ್ ಗಾಡಿಯ ನಿಜವಾದ ಕಗ್ಗಂಟು.

ಹೊರಗಿನ ಪಂಪ್ ಒತ್ತೋದರಲ್ಲಿ ಗಟ್ಟಿ, ಎಳೆಯೋದರಲ್ಲಿ ಸೋಮಾರಿ. ಟ್ಯಾಂಕ್ ತಳಕ್ಕಿಂತ ಕೆಳಗೆ, ಟ್ಯಾಂಕ್ ಪಕ್ಕದಲ್ಲೇ ಇದ್ದರೆ ಪೆಟ್ರೋಲ್ ತಾನಾಗೇ ಇಳಿದು ಬರುತ್ತೆ, ಪಂಪ್ ಸುಖವಾಗಿರುತ್ತೆ. ಇಂಜಿನ್ ಬೇಯಲ್ಲಿ ಕೂರಿಸಿ, ಅಲ್ಲಿಂದ ಎರಡು ಮೀಟರ್ ಎಳಿ ಅಂದರೆ ಉಸಿರು ಕಟ್ಟುತ್ತೆ. ಪೆಟ್ರೋಲೇ ಅದಕ್ಕೆ ಎಣ್ಣೆ, ಪೆಟ್ರೋಲೇ ಅದಕ್ಕೆ ತಂಪು. ಒಣಗಿ ಓಡಿದರೆ ಒಳಗಿನ ರೋಲರ್ ತೇದು ಹೋಗುತ್ತೆ.

ಆದರೆ ಟ್ಯಾಂಕ್ ತಳಕ್ಕಿಂತ ಕೆಳಗೆ ಏನಿರುತ್ತೆ? ಬಂಡೆ. ಬೇರು. ಕೆಸರು. ರೇಸ್ ಟ್ರ್ಯಾಕ್ ಕಾರು ನೋಡಿ ಪಾಠ ಹೇಳೋರಿಗೆ ಇದು ಗೊತ್ತಿರಲ್ಲ.

ನಾನು ಮಾಡಿರೋದು ಫೋಟೋದಲ್ಲಿದೆ. ಚಾಸಿಸ್ ರೈಲಿನ ಒಳಮೈಗೆ, ಟ್ಯಾಂಕ್ ತಳದ ಮಟ್ಟಕ್ಕೆ ಸಮ, ಔಟ್‌ಲೆಟ್‌ಗಿಂತ ಒಂದು ಗೇಣಿನೊಳಗೆ. ರಬ್ಬರ್ ಬುಷ್ ಇಟ್ಟ ಕ್ಲಾಂಪ್. ಕೆಳಗೆ ಪೀಣ್ಯದಲ್ಲಿ ಬಗ್ಗಿಸಿ ತಂದ ಮೂರು ಎಂಎಂ ಶೀಟಿನ ಗಾರ್ಡು, ನೀರು ಕೆಸರು ಇಳಿದು ಹೋಗೋಕೆ ತೂತು. ಸೈಲೆನ್ಸರ್ ಇರೋ ಕಡೆ ಅಲ್ಲ, ಆಚೆ ಕಡೆ. ರಬ್ಬರ್ ಬುಷ್ ಇಲ್ಲದಿದ್ದಾಗ ಪಕ್ಕದ ಮನೆ ಆಂಟಿ, "ಬೆಳಗ್ಗೆ ಬೆಳಗ್ಗೆ ಗಾಡೀಲಿ ಮಿಕ್ಸಿ ಓಡಿಸ್ತೀಯೇನಪ್ಪ?" ಅಂತ ಕೇಳಿದ್ರು. ಈಗ ಕೇಳಲ್ಲ.

ಇನ್ನೊಂದು ತೊಂದರೆ ಇಳಿಜಾರು. ಗಾಡಿ ಒಂದು ಕಡೆ ವಾಲಿದಾಗ ಹಳೇ ಟ್ಯಾಂಕಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಹೋಗುತ್ತೆ, ಪಂಪ್ ಗಾಳಿ ಕುಡಿಯುತ್ತೆ. ಇದಕ್ಕೆ ಸರಿಯಾದ ಮದ್ದು ಸರ್ಜ್ ಟ್ಯಾಂಕ್. ಒಂದೆರಡು ಲೀಟರಿನ ಸಣ್ಣ ಡಬ್ಬಿ, ಕಮ್ಮಿ ಪ್ರೆಶರ್ ಪಂಪ್ ಒಂದು ಅದನ್ನ ತುಂಬಿಸ್ತಾ ಇರುತ್ತೆ, ಹೈ ಪ್ರೆಶರ್ ಪಂಪ್ ಅದರಿಂದ ಕುಡಿಯುತ್ತೆ. ಎರಡು ಪಂಪ್, ಜಾಸ್ತಿ ಜಾಯಿಂಟ್, ಜಾಸ್ತಿ ಖರ್ಚು. ಸ್ಪರ್ಧೆಗೆ ಹೋಗೋರು ಹಾಕಿ. ತಿಂಗಳಿಗೊಂದು ಟ್ರೇಲ್ ಹೋಗೋರಿಗೆ ನನ್ನ ಸಲಹೆ ಒಂದೇ: ಅರ್ಧ ಟ್ಯಾಂಕಿಗಿಂತ ಕಮ್ಮಿ ಇಟ್ಕೊಂಡು ಕಾಡು ದಾರಿಗೆ ಇಳೀಬೇಡಿ.

(6/8)
ಹೋಸ್, ಫಿಲ್ಟರ್, ಎಥನಾಲ್.

ಕಾರ್ಬುರೇಟರ್ ಪಂಪಿನ ಪ್ರೆಶರ್ 0.3 ಬಾರ್ ಆಸುಪಾಸು. ಎಂಪಿಎಫ್‌ಐದು ಎರಡೂವರೆಯಿಂದ ಮೂರೂವರೆ ಬಾರ್, ಅಂದ್ರೆ ಹತ್ತು ಪಟ್ಟು. ನೋಡೋಕೆ ಎರಡು ಹೋಸೂ ಒಂದೇ ಕಪ್ಪು. ಹೋಸ್ ಮೈಮೇಲೆ ಬರೆದಿರೋದು ಓದಿ. ಎಸ್‌ಎಇ ಜೆ30 ಆರ್7 ಅಂತ ಇದ್ದರೆ ಅದು ಕಾರ್ಬುರೇಟರ್ ಕೆಲಸಕ್ಕೆ, ಸಣ್ಣ ಸೈಜುಗಳಲ್ಲಿ 50 ಪಿಎಸ್‌ಐ, ಅಂದ್ರೆ 3.4 ಬಾರ್ ಮಿತಿ. ನಮಗೆ ಬೇಕಿರೋದು ಆರ್9: 100 ಪಿಎಸ್‌ಐ. ಟ್ಯಾಂಕ್ ಒಳಗೆ ಮುಳುಗಿರೋ ತುಂಡಿಗೆ ಆರ್10, ಯಾಕಂದ್ರೆ ಆರ್9ರ ಹೊರಮೈ ಪೆಟ್ರೋಲಲ್ಲಿ ಮುಳುಗಿರೋಕೆ ಮಾಡಿದ್ದಲ್ಲ. ಏನೂ ಬರೆದಿಲ್ಲದ ಹೋಸ್ ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಕ್ಕರೆ ಅದು ತೋಟಕ್ಕೆ ನೀರು ಬಿಡೋಕೆ ಆಗುತ್ತೆ. ಕ್ಲಾಂಪ್ ಕೂಡ ಅಂಚು ನಯವಾಗಿರೋ ಫ್ಯುಯಲ್ ಇಂಜೆಕ್ಷನ್ ಕ್ಲಾಂಪೇ ಆಗಲಿ.

ಪಂಪ್‌ಗೆ ಮುಂಚೆ ಒಂದು ಫಿಲ್ಟರ್, ಆಮೇಲೆ ಒಂದು. ಮುಂಚೆ ಹಾಕೋದು ದೊಡ್ಡ ಕಣ್ಣಿನದು, ಸುಮಾರು 100 ಮೈಕ್ರಾನ್. ಆಮೇಲಿನದು ನುಣುಪು, 10 ಮೈಕ್ರಾನ್, ಹೈ ಪ್ರೆಶರ್‌ದು. ಅದಲು ಬದಲು ಮಾಡಬೇಡಿ. ನುಣುಪು ಫಿಲ್ಟರನ್ನ ಪಂಪಿನ ಬಾಯಿಗೆ ಇಟ್ಟರೆ ಮೂಗು ಮುಚ್ಚಿ ಓಡು ಅಂದ ಹಾಗೆ. ಪ್ಲಾಸ್ಟಿಕ್ ಪಾರದರ್ಶಕ ಫಿಲ್ಟರ್ ಪ್ರೆಶರ್ ಕಡೆಗೆ ಯಾವತ್ತೂ ಬೇಡ.

ಎಥನಾಲ್ ವಿಷಯ. ಇಪ್ಪತ್ತು ಪರ್ಸೆಂಟ್ ಎಥನಾಲ್ ಪೆಟ್ರೋಲನ್ನ ಪ್ರಧಾನಿ ಬಿಡುಗಡೆ ಮಾಡಿದ್ದು ಎಲ್ಲೋ ಅಲ್ಲ, 2023ರ ಫೆಬ್ರವರಿ 6ರಂದು ನಮ್ಮ ತುಮಕೂರು ರಸ್ತೆಯಲ್ಲೇ, ಬಿಐಇಸಿಯಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬಂಕಿನಲ್ಲಿ ಸಿಗೋದು ಅದೇ. ಅದು ಒಳ್ಳೇದೋ ಕೆಟ್ಟದೋ ಅನ್ನೋ ಜಗಳ ಇಲ್ಲಿ ಬೇಡ. ಎಥನಾಲ್ ನೀರು ಹೀರುತ್ತೆ, ಹಳೇ ಕಾಲದ ರಬ್ಬರನ್ನ ಊದಿಸುತ್ತೆ, ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆ ಬಿಡಿಸಿ ತರುತ್ತೆ. ಮೂರೂ ಪಂಪಿನ ಬಾಯಿಗೇ ಬರೋದು. ಹಾಗಾಗಿ ಪಂಪ್ ಕೊಳ್ಳೋ ಮುಂಚೆ ಟ್ಯಾಂಕ್ ಇಳಿಸಿ ತೊಳೆಸಿ, ತುಕ್ಕು ನೋಡಿ. ಪಂಪೂ ಹೋಸೂ ಎಥನಾಲ್ ತಡೆಯುತ್ತೆ ಅಂತ ಬರಹದಲ್ಲಿ ಇದೆಯಾ ನೋಡಿ. ಬಾಯಿಮಾತು ಬೇಡ.

(7/8)
ಈಗ ಕೊಳ್ಳೋ ವಿಷಯ.

ಬೆಂಗಳೂರಿಗೆ ಫ್ಯುಯಲ್ ಪಂಪ್ ಹೊಸದಲ್ಲ. ಈಗ ಬಾಷ್ ಅನ್ನೋ ಕಂಪನಿ 1951ರಲ್ಲಿ ಮೈಕೋ ಅಂತ ಶುರುವಾಗಿ ಆಡುಗೋಡಿಯಲ್ಲಿ ಡೀಸೆಲ್ ಪಂಪ್ ಮಾಡ್ತಿತ್ತು. ಮೈಕೋ ಲೇಔಟ್ ಅಂತ ಒಂದು ಬಡಾವಣೆಯೇ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೈಕೋಗೆ ಹೋಗ್ತಿದ್ದ ಮಾವನೋ ಚಿಕ್ಕಪ್ಪನೋ ಇದ್ದಾರೆ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಊರು ಇದು. ಅಂಥ ಊರಲ್ಲಿ ನಾವು ಸ್ಟಿಕ್ಕರ್ ನೋಡಿ ಪಂಪ್ ತಗೋತೀವಿ ಅಂದ್ರೆ ನಾಚಿಕೆ ಆಗಬೇಕು.

ಬಾಷ್ 044 ಅಂತ ಎಲ್ಲರೂ ಹೇಳ್ತಾರೆ. ಪಂಪ್ ಒಳ್ಳೇದೇ. ತಯಾರಕರ ಹಾಳೆಯಲ್ಲಿ 5 ಬಾರ್‌ನಲ್ಲಿ ಗಂಟೆಗೆ 200 ಲೀಟರಿಗೂ ಹೆಚ್ಚು ಅಂತಿದೆ. ನಮ್ಮ ಲೆಕ್ಕದಲ್ಲಿ ಅದು 500 ಎಚ್‌ಪಿ ಇಂಜಿನ್‌ಗೆ ಸಾಕು. ನಿಮ್ಮ ಹತ್ರ 80 ಇದೆ. ಹೆಸರು ದೊಡ್ಡದಾದಷ್ಟೂ ನಕಲಿ ಜಾಸ್ತಿ, ಪೇಟೆಯಲ್ಲಿ ಅತಿ ಹೆಚ್ಚು ನಕಲಾಗೋ ಪಂಪ್‌ಗಳಲ್ಲಿ ಅದೂ ಒಂದು. ನಿಜವಾದ ಬೆಲೆಯ ಕಾಲು ಭಾಗಕ್ಕೆ "ಒರಿಜಿನಲ್" ಸಿಕ್ಕರೆ ಏನು ಸಿಕ್ತು ಅಂತ ನೀವೇ ಯೋಚಿಸಿ.

ಪ್ರಾಮಾಣಿಕ ಪಂಪ್ ಮೂರು ಸಂಖ್ಯೆ ಒಟ್ಟಿಗೆ ಹೇಳುತ್ತೆ: ಎಷ್ಟು ಲೀಟರ್, ಎಷ್ಟು ಬಾರ್‌ನಲ್ಲಿ, ಎಷ್ಟು ವೋಲ್ಟ್‌ನಲ್ಲಿ. ಬರೀ "255" ಅಂತ ಕೂಗೋ ಡಬ್ಬಿ ತಡೆಯೇ ಇಲ್ಲದೆ ಬಕೆಟಿಗೆ ಸುರಿದ ಲೆಕ್ಕ ಹೇಳ್ತಿರಬಹುದು. "ಯೂನಿವರ್ಸಲ್" ಅಂತ ಮಾರೋ ಎಷ್ಟೋ ಸಣ್ಣ ಪಂಪ್‌ಗಳು ಕಾರ್ಬುರೇಟರ್‌ದು, ಇಂಜೆಕ್ಟರ್ ಮುಂದೆ ಅವು ನಿಲ್ಲಲ್ಲ. ಪಾರ್ಟ್ ನಂಬರ್ ಮೈಮೇಲೆ ಕೆತ್ತಿರಬೇಕು, ಜಿಎಸ್‌ಟಿ ಬಿಲ್ ಕೊಡಬೇಕು. ಬಿಲ್ ಕೇಳಿದ ತಕ್ಷಣ ಮುಖ ಬಾಡಿದರೆ ಜೆ.ಸಿ. ರಸ್ತೆಯಲ್ಲಿ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿ ಅಂಗಡಿಗಳಿಗೆ ಬರವಿಲ್ಲ.

ನಾನು ಈಗ ಹಾಕಿರೋದು ಮಾಮೂಲಿ ಇಂಜೆಕ್ಷನ್ ಕಾರಿಗೆ ಕಂಪನಿಯಿಂದಲೇ ಬರ್ತಿದ್ದ ಹೊರಗಿನ ಪಂಪ್. ರೇಸಿಂಗ್ ಅಲ್ಲ, ಫೋಟೋಗೂ ಚೆನ್ನಾಗಿ ಕಾಣಲ್ಲ. ಕಾರ್ಖಾನೆಯವರು ಲಕ್ಷ ಕಿಲೋಮೀಟರ್ ಓಡಲಿ ಅಂತ ಆರಿಸಿದ ಭಾಗ ಅದು. ಅದೇ ಥರದ್ದು ಇನ್ನೊಂದು ಸೀಟ್ ಕೆಳಗೆ ಇದೆ. ಎರಡು ಕ್ಲಾಂಪ್, ಎರಡು ವೈರ್, ಇಪ್ಪತ್ತು ನಿಮಿಷ. ಹೊರಗಿನ ಪಂಪಿನ ಒಂದೇ ಒಂದು ದೊಡ್ಡ ಲಾಭ ಅಂದ್ರೆ ದಾರಿಯಲ್ಲಿ ಬದಲಾಯಿಸಬಹುದು ಅನ್ನೋದು. ಆ ಲಾಭ ತಗೊಳ್ಳದೆ, ಸಿಗದೇ ಇರೋ ದುಬಾರಿ ಪಂಪ್ ಹಾಕ್ಕೊಂಡು ಬಿಸಿಲೆ ಘಾಟಿಯಲ್ಲಿ ಸಿಗ್ನಲ್ ಹುಡುಕ್ತಾ ನಿಲ್ಲೋದು ಯಾವ ಜಾಣತನ?

(8/8)
ಕೊನೆಗೆ, ಕೆಲಸ ಮುಗಿದ ಮೇಲೆ ಗ್ಯಾರೇಜಿನಿಂದ ಗಾಡಿ ತಗೊಳ್ಳೋ ಮುಂಚೆ ಐದು ವಿಷಯ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಒಂದು: ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎರಡು ಮೂರು ಸೆಕೆಂಡಲ್ಲಿ ಪಂಪ್ ತಾನಾಗೇ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ದುಡ್ಡು ಕೊಡಬೇಡಿ.

ಎರಡು: ರೈಲ್‌ಗೆ ಪ್ರೆಶರ್ ಗೇಜ್ ಹಾಕಿಸಿ, ನಿಮ್ಮ ಇಂಜಿನ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿರೋ ಅಂಕಿ ಬರ್ತಿದೆಯಾ ನೋಡಿ.

ಮೂರು: ಇಂಜಿನ್ ಆನ್ ಇರುವಾಗ ರಿಟರ್ನ್ ಪೈಪನ್ನ ಅಳತೆ ಡಬ್ಬಿಗೆ ಬಿಟ್ಟು ಅರ್ಧ ನಿಮಿಷ ನೋಡಿ. ಗಂಟೆಗೆ 60 ಲೀಟರ್ ಪಂಪ್ ಅರ್ಧ ನಿಮಿಷಕ್ಕೆ ಅರ್ಧ ಲೀಟರ್ ಕೊಡುತ್ತೆ, ಅದರಲ್ಲಿ ಇಂಜಿನ್ ಕುಡಿಯೋ ಒಂದಿಷ್ಟು ಕಳೆಯಿರಿ. ಇದನ್ನ ಬಯಲಲ್ಲಿ, ಇಂಜಿನ್ ತಣ್ಣಗಿರುವಾಗ, ಪಕ್ಕದಲ್ಲಿ ಡ್ರೈ ಪೌಡರ್ ಬೆಂಕಿ ಆರಿಸೋ ಸಿಲಿಂಡರ್ ಇಟ್ಕೊಂಡು, ಗೊತ್ತಿರೋರ ಕೈಲೇ ಮಾಡಿಸಿ.

ನಾಲ್ಕು: ಅರ್ಧ ವೋಲ್ಟ್ ಪರೀಕ್ಷೆ.

ಐದು: ಹೋಸ್ ಮೇಲಿನ ಬರಹ ಫೋಟೋ ತೆಗೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಬೆರಳಲ್ಲಿ ಒತ್ತಿ ನೋಡಿ. ಊದಿದೆ, ಅಂಟುತ್ತಿದೆ, ಬಿರುಕಿದೆ ಅಂದ್ರೆ ಅವತ್ತೇ ಬದಲಾಯಿಸಿ.

"ಇಷ್ಟೆಲ್ಲಾ ಮಾಡೋಕೆ ಖರ್ಚಾಗುತ್ತೆ ಅಣ್ಣ" ಅಂತೀರ. ಆಗುತ್ತೆ. ಟೈರಿಗೆ, ವಿಂಚಿಗೆ, ಮೇಲೆ ಸಾಲಾಗಿ ಹಾಕೋ ಲೈಟಿಗೆ ನಾವು ಎಷ್ಟು ಸುರಿದಿದ್ದೀವಿ ಅಂತ ನಮಗೇ ಗೊತ್ತು. ಅವೆಲ್ಲ ಫೋಟೋದಲ್ಲಿ ಕಾಣುತ್ತೆ, ಹೋಸ್ ಕಾಣಲ್ಲ. ವ್ಯತ್ಯಾಸ ಅಷ್ಟೇ. ಮೆಕ್ಯಾನಿಕ್ ಮೇಲೂ ಪೂರ್ತಿ ತಪ್ಪು ಹಾಕಬೇಡಿ. ಅಗ್ಗಕ್ಕೆ, ಬೇಗ, ಡೈರೆಕ್ಟ್ ಬೇಕು ಅಂತ ಕೇಳೋದು ನಾವೇ. ನಾವು ಕೇಳೋದು ಬಿಟ್ಟರೆ ಅವರು ಮಾಡೋದು ಬಿಡ್ತಾರೆ.

ಅಮ್ಮ ಈಗಲೂ ಜಿಪ್ಸಿಯಲ್ಲಿ ಬರ್ತಾರೆ. ಆದರೆ ಹತ್ತಿ ಕೂತ ತಕ್ಷಣ ಒಂದು ಸಲ ಮೂಗು ಎಳೆದು ನೋಡ್ತಾರೆ. ನಾನೂ ಈಗ "ಹಂಗೇ ಅಮ್ಮ" ಅನ್ನಲ್ಲ. ಇಳಿದು ಬಗ್ಗಿ ನೋಡ್ತೀನಿ.

ನಿಮ್ಮ ಗಾಡಿಯಲ್ಲಿ ಪಂಪ್ ಡೈರೆಕ್ಟ್ ಇದೆಯಾ? ಇವತ್ತು ಸಂಜೆ ಕೀ ಆನ್ ಮಾಡಿ ಮೂರು ಸೆಕೆಂಡ್ ಎಣಿಸಿ. ಏನಾಯ್ತು ಅಂತ ಕೆಳಗೆ ಬರೀರಿ. ಗಾಡಿ ಇರೋ ಗೆಳೆಯನಿಗೆ ಇದನ್ನ ಕಳಿಸಿ, ಲೈಕ್ ಒತ್ತದಿದ್ದರೂ ಪರವಾಗಿಲ್ಲ.

#ನಂದಿನಿಲೇಔಟ್ #ಜಿಪ್ಸಿ #ಕೆಎ02 #ಫ್ಯುಯಲ್‌ಪಂಪ್ #ಡೈರೆಕ್ಟ್‌ಬೇಡ #ಕನ್ನಡದಲ್ಲಿಗಾಡಿಮಾತು